ಸಹಿ ಹಾಕುವ ಮೊದಲು ಕೇಳಿರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಸಂಘದ ಸಭೆಗಳಲ್ಲಿ ತಾಯಂದಿರು ನಮ್ಮನ್ನು ಕೇಳುವುದುಂಟು: "ಸಿಸ್ಟರ್, ಅಮೇರಿಕಾದವರ ಜೋಡಿ ನಡಸೋ ಅಧ್ಯಯನ ಅಂತಾರ. ಸಹಿ ಮಾಡೋದೋ ಬ್ಯಾಡೋ?"

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಹೆರಿಗೆಯ ನಂತರ ಗರ್ಭಕೋಶ ಬಿಗಿಯಾಗದಿದ್ದರೆ ರಕ್ತ ಹರಿದು ತಾಯಿ ಕೆಲವೇ ತಾಸಿನಲ್ಲಿ ತೀರಿಕೊಳ್ಳಬಹುದು. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು (ಕೆ.ಎಲ್.ಇ.) ಅಮೇರಿಕಾದ ಸಂಶೋಧಕರೊಂದಿಗೆ ಸೇರಿ, ಹಳ್ಳಿಗಳ 1620 ತಾಯಂದಿರಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿತು. ಗುಳಿಗೆ ಕೊಟ್ಟವರು ದೊಡ್ಡ ಡಾಕ್ಟರರಲ್ಲ, ಹಳ್ಳಿಯ ನರ್ಸಬಾಯಿಯರೇ. ಗುಳಿಗೆ ನುಂಗಿದವರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 6.4, ಉಳಿದವರಲ್ಲಿ 12. ಇದೇ ಉಪಯೋಗಕ್ಕಾಗಿ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ 'ಉಳಿದವರು' ಯಾರು? ಸುಮಾರು ಅರ್ಧದಷ್ಟು ತಾಯಂದಿರು. ಅವರು ನುಂಗಿದ್ದು ನೋಡಲು ಹಾಗೇ ಇದ್ದ, ಔಷಧಿಯಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ; ಹಾಗಿದ್ದರೇನೇ ಹೋಲಿಕೆ ಸರಿಯಾಗುತ್ತದೆ. ಯಾವ ಅಧ್ಯಯನವೇ ಇರಲಿ, ಇದನ್ನು ಮೊದಲೇ ಬಿಡಿಸಿ ಹೇಳದೆ ಸಹಿ ಹಾಕಿಸಿದರೆ ನಮ್ಮ ಪ್ರಕಾರ ಅದು ಮೋಸವೇ.

ಆದ್ದರಿಂದ ಹೆಬ್ಬೆಟ್ಟು ಒತ್ತುವ ಮೊದಲು ಕೇಳಿರಿ: ನನ್ನ ಪಾಲಿಗೆ ಔಷಧಿಯಿಲ್ಲದ ಗುಳಿಗೆ ಬರಬಹುದೇ? ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು? ನಡುವೆ ಬಿಡಬಹುದೇ? ಕಾಗದದ ಒಂದು ಪ್ರತಿ ಮನೆಗೆ ತನ್ನಿರಿ. ಒಲ್ಲೆ ಅಂದವರಿಗೂ ಸರಕಾರಿ ದವಾಖಾನೆಯ ಚಿಕಿತ್ಸೆ ತಪ್ಪಿಸುವಂತಿಲ್ಲ.