ಸೈಕಲ್ ಸವಾರರು ರಸ್ತೆಯಲ್ಲಿ ಎಲ್ಲಿ ಸಾಗಬೇಕು?

ಗಬ್ಬೂರಿನಿಂದ ದೇವದುರ್ಗಕ್ಕೂ ರಾಯಚೂರಿಗೂ ಹೋಗುವ ರಸ್ತೆಯಲ್ಲಿ ಭತ್ತ, ಹತ್ತಿ ಹೇರಿದ ಟ್ರಾಕ್ಟರುಗಳೂ ಲಾರಿ, ಬಸ್ಸುಗಳೂ ಓಡುತ್ತವೆ. ಹೊಲಕ್ಕೆ ಹೋಗುವ ಯಜಮಾನನೂ ಶಾಲೆಗೆ ಹೋಗುವ ಮಗಳೂ ಸೈಕಲ್ ಮೇಲೆ ಅದೇ ರಸ್ತೆಯಲ್ಲಿ ಸಾಗಬೇಕು. ದುಡಿಯುವವರೊಬ್ಬರು ಬಿದ್ದು ಕಾಲು ಮುರಿದುಕೊಂಡರೆ ಒಂದು ಸುಗ್ಗಿಯ ದುಡಿಮೆಯೇ ನಿಲ್ಲುತ್ತದೆ. ತಲೆಗೆ ಪೆಟ್ಟಾದರೆ ಪ್ರಾಣಕ್ಕೇ ಅಪಾಯ.

ವಾಹನಗಳು ಎಡಭಾಗದಲ್ಲಿ ಸಾಗಬೇಕೆಂಬುದು ನಮ್ಮ ದೇಶದ ನಿಯಮ. ಎದುರಿನ ವಾಹನ ಕಾಣುವುದೆಂದು ಕೆಲವರು ಬಲಬದಿಯಲ್ಲಿ ಸೈಕಲ್ ಓಡಿಸುತ್ತಾರೆ. ಇದು ತಪ್ಪು. ಎದುರುಬದುರಾದಾಗ ಎರಡರ ವೇಗವೂ ಕೂಡಿಕೊಳ್ಳುವುದರಿಂದ ತಪ್ಪಿಸಿಕೊಳ್ಳಲು ಸಮಯ ಸಿಗದು, ಪೆಟ್ಟೂ ಹೆಚ್ಚು. ಬಲಬದಿಯಲ್ಲಿ ಹೋಗುವುದು ಕಾಲ್ನಡಿಗೆಯವರಿಗೆ ಮಾತ್ರ ಹಿತ.

ಎಡಬದಿಯೆಂದರೆ ಡಾಂಬರಿನ ತುದಿಯೆಂದು ಅರ್ಥವಲ್ಲ. ಅಲ್ಲಿ ಡಾಂಬರು ಒಡೆದು, ಪಕ್ಕದ ಮಣ್ಣು ತಗ್ಗಾಗಿರುತ್ತದೆ. ಕೆಳಗಿಳಿದ ಚಕ್ರವನ್ನು ಮೇಲೇರಿಸಲು ಹೋದ ಸವಾರನು ಆಯತಪ್ಪಿ ವಾಹನದ ಕಡೆಗೇ ಬೀಳುವ ಸಂಭವವುಂಟು. ಆದುದರಿಂದ ತುದಿಯಿಂದ ಸುಮಾರು 2-3 ಅಡಿ ಒಳಗೆ, ನೇರವಾಗಿ, ಒಬ್ಬರ ಹಿಂದೊಬ್ಬರು ಸಾಗಿರಿ. ಆಗ ಹಿಂದಿನ ಚಾಲಕನಿಗೆ ನೀವು ಸ್ಪಷ್ಟವಾಗಿ ಕಾಣುವಿರಿ. ಹಾರ್ನ್ ಕೇಳಿ ಗಾಬರಿಯಾಗಬಾರದು; ದಾರಿ ಕಿರಿದಾಗಿದ್ದರೆ ನಿಧಾನಿಸಿ, ಇಳಿದು ನಿಲ್ಲಿರಿ.

ಮುಂದೆ ಟ್ರಾಕ್ಟರ್ ನಿಂತಿದ್ದರೆ, ಇಲ್ಲವೆ ಕಾಳು ಒಣಹಾಕಿದ್ದರೆ, ಹತ್ತಿರ ಹೋಗಿ ಥಟ್ಟನೆ ಹೊರಳಬಾರದು. ಗಂಟೆಗೆ 60 ಕಿಲೋಮೀಟರು ವೇಗದ ಲಾರಿಯು ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಬಂದಿರುತ್ತದೆ. ದೂರದಿಂದಲೇ ಹಿಂದಕ್ಕೆ ತಿರುಗಿ ನೋಡಿ, ಬಲಗೈ ಚಾಚಿ, ನಿಧಾನವಾಗಿ ಸರಿಯಿರಿ. ಲಾರಿಯ ಎಡಪಕ್ಕದಲ್ಲಿ ನುಸುಳಲೇಬಾರದು. ಅದು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಒಳಕ್ಕೆ ಸರಿಯುತ್ತದೆ. ಅಲ್ಲಿರುವವರು ಚಾಲಕನಿಗೆ ಕಾಣುವುದಿಲ್ಲ.

ಹಿಂದೆ ಕುಳಿತ ಗೃಹಿಣಿಯು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಅದು ಚಕ್ರಕ್ಕೆ ಸಿಕ್ಕಿದರೆ ಇಬ್ಬರೂ ಬೀಳುವರು. ಮಕ್ಕಳ ಕಾಲು ಚಕ್ರದ ಕಡ್ಡಿಗಳಿಗೆ ಸಿಕ್ಕಿ ಹಿಮ್ಮಡಿಯ ಚರ್ಮ ಸುಲಿಯುವುದುಂಟು. ಕತ್ತಲಾದ ಮೇಲೆ ಮುಂದೆ ದೀಪವೂ ಹಿಂದೆ ಕೆಂಪು ರಿಫ್ಲೆಕ್ಟರೂ ಇರಲೇಬೇಕು.

ಬಿದ್ದವರಿಗೆ ಎಚ್ಚರ ತಪ್ಪಿದರೆ, ವಾಂತಿಯಾದರೆ, ಕಿವಿಯಿಂದಲೋ ಮೂಗಿನಿಂದಲೋ ರಕ್ತ ಬಂದರೆ ನೀರು ಕುಡಿಸಬಾರದು. ಕೂಡಲೇ 108ಕ್ಕೆ ದೂರವಾಣಿ ಮಾಡಿರಿ. ಸ್ವಲ್ಪ ಹೊತ್ತಿಗೆ ಎದ್ದು ಕುಳಿತರೆಂದು ಮನೆಗೆ ಕರೆದೊಯ್ದು ಮಲಗಿಸುವುದೂ ಅಪಾಯ. ತಲೆಯೊಳಗಿನ ರಕ್ತಸ್ರಾವವು ತಡವಾಗಿ ತೋರಿಬರಬಹುದು.

ಪತಿಪತ್ನಿಯರಿಬ್ಬರೂ ಈ ನಿಯಮಗಳನ್ನು ಪಾಲಿಸಿರಿ. ತಂದೆತಾಯಿಯರು ಸೈಕಲ್ ನಡೆಸುವುದನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆ.