ಹಳ್ಳಿಯ ಇಂಧನ, ವಿಶ್ವವಿದ್ಯಾನಿಲಯದ ಹೊಣೆ

ನಿಮ್ಮ ಊರಿನ ಬದಿಯಲ್ಲಿ ಒಂದಾದರೂ ಹೊಂಗೆಯ ಮರವಿದ್ದೀತು. ಬೇಸಗೆಯಲ್ಲಿ ಅದರ ನೆರಳಿಗೆ ಕುಳಿತು ದಣಿವಾರಿಸಿಕೊಂಡಿದ್ದೀರಿ. ಅದರ ಸೊಪ್ಪನ್ನು ಗದ್ದೆಯ ಕೆಸರಿಗೆ ಹಾಕಿ ತುಳಿದಿದ್ದೀರಿ. ಸೀಮೆಎಣ್ಣೆ ಬರುವ ಮುನ್ನ ಅದರ ಎಣ್ಣೆಯಿಂದಲೇ ದೀಪ ಹಚ್ಚುತ್ತಿದ್ದರೆಂದು ಹಿರಿಯರು ಹೇಳಿದ್ದನ್ನೂ ಕೇಳಿರಬಹುದು. ಈಚಿನ ವರ್ಷಗಳಲ್ಲಿ ಇದೇ ಮರದ ಬಗ್ಗೆ ಹೊಸ ಮಾತುಗಳು ಕೇಳಿಬರುತ್ತಿವೆ. ಹೊಂಗೆಯ ಬೀಜ ಎಂಜಿನನ್ನು ಓಡಿಸಬಲ್ಲದು, ಕೊಟ್ಟಿಗೆಯ ಸಗಣಿ ವಿದ್ಯುತ್ತನ್ನು ಕೊಡಬಲ್ಲದು, ಹೊಲದಲ್ಲಿ ಉಳಿದ ದಂಟು ಕಾರ್ಖಾನೆಗೆ ಕಚ್ಚಾಮಾಲಾಗಬಲ್ಲದು ಎನ್ನುತ್ತಾರೆ. ಹೀಗೆ ಗಿಡಮರ ಮತ್ತು ದನಕರುಗಳಿಂದ ದೊರೆಯುವ ಇಂಧನಕ್ಕೆ ಜೈವಿಕ ಇಂಧನವೆಂದು ಹೆಸರು.

ಈ ಮಾತುಗಳನ್ನು ಹೊತ್ತು ಹಳ್ಳಿಗೆ ಬರುವವರು ಅನೇಕರು. ಸಸಿ ಮಾರುವವರು ಬರುತ್ತಾರೆ. ಯೋಜನೆಯ ಗುರಿ ಮುಟ್ಟಬೇಕಾದ ಅಧಿಕಾರಿಗಳು ಬರುತ್ತಾರೆ. ಕಾರ್ಖಾನೆಯ ಪರವಾಗಿ ಕರಾರು ಪತ್ರ ಹಿಡಿದವರೂ ಬರುತ್ತಾರೆ. ಇವರೆಲ್ಲರ ನಡುವೆ ಇನ್ನೊಬ್ಬರಿದ್ದಾರೆ. ಅವರು ವಿಶ್ವವಿದ್ಯಾನಿಲಯದ ವಿಸ್ತರಣ ಶಿಕ್ಷಕರು. ಅವರು ಮಾರುವುದು ಏನೂ ಇಲ್ಲ. ಹಾಗಾದರೆ ಅವರಿಂದ ನಮಗಾಗುವ ಉಪಯೋಗವೇನು? ಅವರಿಂದ ನಾವು ಏನನ್ನು ನಿರೀಕ್ಷಿಸಬೇಕು? ಇದನ್ನು ಕೆಲವು ನಿಜವಾದ ನಿದರ್ಶನಗಳ ಮೂಲಕ ವಿಚಾರ ಮಾಡೋಣ.

ಮೊದಲು 'ವಿಸ್ತರಣ' ಎಂಬ ಮಾತಿನ ಹಿನ್ನೆಲೆಯನ್ನು ತಿಳಿಯೋಣ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1862ರ ಮಾರಿಲ್ ಶಾಸನದಿಂದ ಭೂಮಿಯ ಕೊಡುಗೆ ಪಡೆದ ಕಾಲೇಜುಗಳು ಹುಟ್ಟಿದವು. ಬೇಸಾಯವನ್ನೂ ಕೈಕಸುಬನ್ನೂ ಕಲಿಸುವುದು ಅವುಗಳ ಉದ್ದೇಶಗಳಲ್ಲೊಂದು. ಆದರೆ ಕಾಲೇಜಿನ ಗೋಡೆಯೊಳಗೆ ಕಲಿಸಿದರೆ ಗೋಡೆಯ ಹೊರಗಿರುವ ರೈತನಿಗೆ ಏನು ಬಂತು? ಆದ್ದರಿಂದ 1914ರ ಸ್ಮಿತ್-ಲೀವರ್ ಶಾಸನವು ಕಾಲೇಜಿನ ವಿದ್ಯೆಯನ್ನು ಹೊಲದವರೆಗೂ ಕೊಂಡೊಯ್ಯುವ ಏರ್ಪಾಡನ್ನು ಮಾಡಿತು. ಬೋಧನೆ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣವೂ ವಿಶ್ವವಿದ್ಯಾನಿಲಯದ ಮೂರನೆಯ ಕರ್ತವ್ಯವಾಯಿತು. ನಮ್ಮ ದೇಶದ ಕೃಷಿ ವಿಶ್ವವಿದ್ಯಾನಿಲಯಗಳು ಇದೇ ಮಾದರಿಯಲ್ಲಿ ಎದ್ದವು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಅದರ ಬೆಳವಣಿಗೆಗೆ ಟೆನೆಸ್ಸಿ ವಿಶ್ವವಿದ್ಯಾನಿಲಯದ ತಜ್ಞರು ನೆರವಾದರು. ಟೆನೆಸ್ಸಿಯ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತದೆ.

ಈಗ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಬನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ 'ಅಸ್ತ್ರ' ಎಂಬ ವಿಭಾಗವನ್ನು ಕಟ್ಟಿದರು. ವಿಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಅದರ ಧ್ಯೇಯ. ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣ ಕೇಂದ್ರ ನೆಲೆಗೊಂಡಿತು. ಅವರು ಮೊದಲು ಕೈಹಾಕಿದ ಕೆಲಸಗಳಲ್ಲಿ ಲೆಕ್ಕ ಹಾಕುವುದೂ ಒಂದು. ಸುತ್ತಲಿನ 6 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಶಕ್ತಿ ವೆಚ್ಚವಾಗುತ್ತದೆ, ಅದು ಎಲ್ಲಿಂದ ಬರುತ್ತದೆ ಎಂದು ಅಳೆದರು. ಶೇಕಡಾ 80ಕ್ಕೂ ಮೀರಿದ ಪಾಲು ಸೌದೆಯಿಂದಲೇ ಬರುತ್ತಿತ್ತು. ಅದರ ಬಹುಭಾಗ ಅಡಿಗೆಯ ಒಲೆಗೆ ಹೋಗುತ್ತಿತ್ತು.

ಅಂದ ಮೇಲೆ ಪರಿಹಾರವೂ ಸ್ಪಷ್ಟವೆಂದು ತೋರಿತು. ಸಗಣಿಯಿಂದ ಅನಿಲ ತೆಗೆದು ಪ್ರತಿ ಮನೆಯ ಒಲೆಗೂ ಕೊಟ್ಟರಾಯಿತು. ಉಂಗ್ರದ ಸಮೀಪದ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿದರು. ಅದರ ಕೆಲಸ ಹೀಗೆ: ಸಗಣಿಯನ್ನು ಅಷ್ಟೇ ನೀರಿನಲ್ಲಿ ಕದಡಿ, ಗಾಳಿಯಾಡದ ತೊಟ್ಟಿಗೆ ಬಿಡುತ್ತಾರೆ. ಅಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಕೊಳೆಸಿದಾಗ ಮೀಥೇನ್ ಹೆಚ್ಚಾಗಿರುವ ಅನಿಲ ಹುಟ್ಟುತ್ತದೆ. ಉಳಿದ ಬಗ್ಗಡದಲ್ಲಿ ಗೊಬ್ಬರದ ಸಾರ ನಷ್ಟವಾಗುವುದಿಲ್ಲ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರ ಹೋಯಿತು. ತಿಪ್ಪೆಗೆ ಹಾಕಿದರೆ ಇಂಧನ ಹೋಯಿತು. ಇಲ್ಲಿ ಎರಡೂ ಸಿಕ್ಕುತ್ತವೆ.

ಆದರೂ ಅಡಿಗೆಯ ಯೋಜನೆ ಪುರದಲ್ಲಿ ಸಫಲವಾಗಲಿಲ್ಲ. ಕಾರಣವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ ಸುಮಾರು 1,250 ಕಿಲೋಗ್ರಾಂ ಸಗಣಿ ಹಾಕಿದರೆ ಆ ಸ್ಥಾವರದಿಂದ ಸಿಗುವುದು 42 ಘನ ಮೀಟರಿನಷ್ಟು ಅನಿಲ. ಐದಾರು ಮಂದಿಯ ಮನೆಯೊಂದರ ಅಡಿಗೆಗೆ ದಿನಕ್ಕೆ 2 ಘನ ಮೀಟರ್ ಬೇಕು. ಅಲ್ಲಿಗೆ 20-21 ಮನೆಗಳಿಗೆ ಅನಿಲ ಮುಗಿಯಿತು. ಊರಿನಲ್ಲಿದ್ದುದಾದರೋ ಅದರ ಮೂರುಪಟ್ಟಿಗೂ ಹೆಚ್ಚು ಮನೆಗಳು! ಇನ್ನೊಂದು ಕಾರಣ ಲೆಕ್ಕಕ್ಕೆ ಸಿಕ್ಕದ್ದು. ಸೌದೆಗೆ ಹಣ ಕೊಡಬೇಕಾಗಿರಲಿಲ್ಲ. ಹೇಗೋ ಆಯ್ದು ತರುತ್ತಿದ್ದರು. ಊರಿನವರ ಮನಸ್ಸಿನಲ್ಲಿ ಮೊದಲ ಕೊರತೆ ಒಲೆಯದಲ್ಲ, ಕುಡಿಯುವ ನೀರಿನದು.

ಇಂಥ ಸಮಯದಲ್ಲಿ 'ಹಳ್ಳಿಯವರಿಗೆ ತಿಳಿವಳಿಕೆ ಸಾಲದು' ಎಂದು ಬರೆದು ಕಡತ ಮುಚ್ಚುವುದು ಬಹು ಸುಲಭ. ಪುರದಲ್ಲಿ ಹಾಗೆ ಮಾಡಲಿಲ್ಲ. ಊರಿನವರೊಡನೆ ಕುಳಿತು ಯೋಜನೆಯನ್ನೇ ತಿರುಗಿಸಿದರು. 1987ರಿಂದ ಅದೇ ಅನಿಲ ಒಲೆಗೆ ಹೋಗುವ ಬದಲು ಸುಮಾರು 5 ಕಿಲೋವಾಟಿನ ಡೀಸೆಲ್ ಎಂಜಿನ್ನಿಗೆ ಹೋಯಿತು. ಸ್ವಲ್ಪ ಡೀಸೆಲ್, ಬಹುಪಾಲು ಅನಿಲ. ಎಂಜಿನ್ನಿನಿಂದ ವಿದ್ಯುತ್ತು, ವಿದ್ಯುತ್ತಿನಿಂದ ಕೊಳವೆ ಬಾವಿಯ ಪಂಪು, ಪಂಪಿನಿಂದ ಬೀದಿಯ ನಲ್ಲಿಗಳಿಗೆ ಶುದ್ಧವಾದ ನೀರು. ಸಂಜೆ ಮನೆಗಳಿಗೆ ಬೆಳಕು. ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಸಗಣಿ ತಂದವರಿಗೆ ಅವರ ಪಾಲಿನಂತೆ ಹಿಂದಿರುಗಿಸಿದರು. ಹೊತ್ತು ತಂದದ್ದಕ್ಕೆ ಕಿಲೋಗ್ರಾಮಿಗೆ 2 ಪೈಸೆಯ ಕೂಲಿಯನ್ನೂ ಗೊತ್ತುಮಾಡಿದರು. ಸ್ಥಾವರ ನಿಂತರೆ ನಲ್ಲಿ ನಿಂತೀತು, ದೀಪ ಆರೀತು ಎಂಬುದು ಪ್ರತಿ ಮನೆಗೂ ತಿಳಿದಿತ್ತು. ಆದ್ದರಿಂದ ಸಾಮಾನ್ಯರ ಸೊತ್ತಾದರೂ ಅದು ಅನಾಥವಾಗಲಿಲ್ಲ, ಊರಿನವರೇ ನಡೆಸಿದರು.

ಪುರದಿಂದ ನಾವು ಕಲಿಯಬೇಕಾದದ್ದು ಒಂದು ಯಂತ್ರದ ವಿಷಯವನ್ನಲ್ಲ. ವಿಸ್ತರಣವೆಂದರೆ ಪೇಟೆಯಿಂದ ಹಳ್ಳಿಗೆ ಹರಿಯುವ ಒಂದೇ ಮುಖದ ಕಾಲುವೆಯಲ್ಲ. ಹಳ್ಳಿಯ ಅನುಭವವೂ ಹಿಂದಕ್ಕೆ ಹೋಗಿ ಸಂಶೋಧಕನ ಲೆಕ್ಕವನ್ನು ತಿದ್ದಬೇಕು. ಆಕಾಶವಾಣಿಯ ಶ್ರೋತೃಗಳಿಗೆ ಇದು ಹೊಸ ಮಾತೇನಲ್ಲ. 1956ರಲ್ಲಿ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ರೇಡಿಯೋ ಗ್ರಾಮಗೋಷ್ಠಿಗಳನ್ನು ನಡೆಸಿದಾಗ, ಕಾರ್ಯಕ್ರಮವನ್ನು ಕೇಳಿ ಸುಮ್ಮನೆ ಎದ್ದುಹೋಗುವುದಲ್ಲ, ಚರ್ಚಿಸಿ ಪ್ರಶ್ನೆಗಳನ್ನು ಆಕಾಶವಾಣಿಗೆ ಕಳುಹಿಸಬೇಕೆಂಬುದೇ ಏರ್ಪಾಡಾಗಿತ್ತು.

ಈ ಪಾಠವನ್ನು ಮರೆತರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಕಾಡುಹರಳನ್ನು, ಎಂದರೆ ಜಟ್ರೋಫವನ್ನು, ಒಂದು ಕೋಟಿ ಹೆಕ್ಟೇರಿಗೂ ಹೆಚ್ಚಿನ ಭೂಮಿಯಲ್ಲಿ ಬೆಳೆದು ಡೀಸೆಲ್ಲಿಗೆ ಬೆರೆಸಬಹುದೆಂದು ಅಂದಾಜು ಕಟ್ಟಿತು. ಬರಡು ನೆಲದಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಚಿನ್ನ ಬೆಳೆಯುತ್ತದೆಂಬ ಪ್ರಚಾರ ನಡೆಯಿತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದರು. ಗಿಡವೇನೋ ಬರದಲ್ಲಿಯೂ ಬದುಕಿತು. ಆದರೆ ಬದುಕುವುದು ಬೇರೆ, ಫಲ ಕೊಡುವುದು ಬೇರೆ. ನೀರು ಗೊಬ್ಬರ ಕಾಣದ ಗಿಡದಲ್ಲಿ ಇಳುವರಿ ತೀರ ಕಡಿಮೆ; ಕಾಯಿ ಒಂದೇ ಸಲಕ್ಕೆ ಮಾಗುವುದಿಲ್ಲವಾಗಿ ಬಿಡಿಸುವ ಕೂಲಿ ಹೆಚ್ಚು; ನಂಬತಕ್ಕ ಸುಧಾರಿತ ತಳಿಯೂ ಇರಲಿಲ್ಲ. ಅದೂ ಅಲ್ಲದೆ, ಕಡತದಲ್ಲಿ 'ಪಾಳು' ಎಂದು ಬರೆದ ನೆಲ ನಿಜವಾಗಿ ಪಾಳಲ್ಲ. ಅದು ಬಡವನ ಆಡುಕುರಿಗಳು ಮೇಯುವ ಗೋಮಾಳ. ಕೂಲಿಯವಳು ಪುಳ್ಳೆ ಆಯುವ ಜಾಗ. ಈ ಮಾತನ್ನು ಮೊದಲೇ ಕೇಳಿದ್ದರೆ ಎಷ್ಟೋ ರೈತರ ಎಷ್ಟೋ ವರ್ಷಗಳು ಉಳಿಯುತ್ತಿದ್ದವು.

ನಮ್ಮ ರಾಜ್ಯದಲ್ಲಿ ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಜೈವಿಕ ಇಂಧನ ಉದ್ಯಾನ ಬೇರೆ ದಾರಿ ಹಿಡಿಯಿತು. ಬೆಳೆಯುವ ಹೊಲವನ್ನು ಇಂಧನಕ್ಕೆ ಬಿಟ್ಟುಕೊಡಿ ಎಂದು ಅಲ್ಲಿ ಹೇಳಲಿಲ್ಲ. ಬದುವಿನಲ್ಲಿ, ಬೇಲಿಯಲ್ಲಿ, ಹಿತ್ತಲಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಬೆರೆಸಿ ನೆಡಿ ಎಂದರು. ಇವು ಒಂದೊಂದೂ ಒಂದೊಂದು ಕಾಲಕ್ಕೆ ಫಲ ಕೊಡುವುದರಿಂದ, ಒಂದು ಕೈಕೊಟ್ಟರೂ ಇನ್ನೊಂದು ಉಳಿದೀತು. ಹೊಂಗೆಯ ಸೊಪ್ಪನ್ನು ದನ ಮೇಯದು; ಅದರ ಬೇರು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಬೀಜವನ್ನು ಗಾಣಕ್ಕೆ ಹಾಕಿದರೆ ಸುಮಾರು 4 ಕಿಲೋಗ್ರಾಮಿಗೆ ಒಂದು ಲೀಟರ್ ಎಣ್ಣೆ ಬರುತ್ತದೆ. ಉಳಿದ ಹಿಂಡಿ ತೋಟಕ್ಕೆ ಉತ್ತಮ ಗೊಬ್ಬರ. ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದೊಡನೆ 60 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿದು, ಮೇಲೆ ತೆಳುವಾದ ಜೈವಿಕ ಡೀಸೆಲ್ ನಿಲ್ಲುತ್ತದೆ. ಗ್ಲಿಸರಿನ್ ಸಾಬೂನಿಗೆ ಬರುತ್ತದೆ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬಹುದು. ಆದರೆ ಮದ್ದಿಗೂ ಮಿತಿಯಿದೆ. ಹೊಂಗೆ ನೆಟ್ಟು ಕಾಯಿ ಕಾಣಲು 5-6 ವರ್ಷ ಕಾಯಬೇಕು. ಬೀಜಕ್ಕೆ ಹತ್ತಿರದಲ್ಲಿ ಕೊಳ್ಳುವವರಿಲ್ಲದಿದ್ದರೆ ಸಾಗಾಣಿಕೆಯೇ ಲಾಭವನ್ನು ನುಂಗೀತು. ಅದು ರಾಗಿಗೆ ಬದಲಿಯಲ್ಲ. ರಾಗಿಯ ಹೊಲದ ಅಂಚಿನಲ್ಲಿ ನಿಂತು ಕೊಡುವ ಮೇಲು ಆದಾಯ. ಇಷ್ಟನ್ನು ಸ್ಪಷ್ಟವಾಗಿ ಹೇಳುವವನೇ ಒಳ್ಳೆಯ ವಿಸ್ತರಣ ಶಿಕ್ಷಕ.

ಸಸಿ ಮಾರುವವನಿಗೂ ಶಿಕ್ಷಕನಿಗೂ ಇರುವ ಈ ಅಂತರವನ್ನು ಕಾಪಾಡಿಕೊಳ್ಳುವುದು ಶ್ರೀಮಂತ ದೇಶದಲ್ಲಿಯೂ ಸುಲಭವಲ್ಲ. ಆಗಲೇ ಹೆಸರಿಸಿದ ಟೆನೆಸ್ಸಿಯನ್ನೇ ನೋಡಿ. ಅಲ್ಲಿನ ವಿಶ್ವವಿದ್ಯಾನಿಲಯ 2007ರಲ್ಲಿ ಸ್ವಿಚ್‌ಗ್ರಾಸ್ ಎಂಬ ಎತ್ತರದ ಹುಲ್ಲಿನಿಂದ ಎಥನಾಲ್ ತೆಗೆಯುವ ದೊಡ್ಡ ಯೋಜನೆಗೆ ತೊಡಗಿತು. ರಾಜ್ಯ ಸರ್ಕಾರ ಸುಮಾರು 7 ಕೋಟಿ ಡಾಲರ್ ಒದಗಿಸಿತು. ರೈತರು ಕರಾರಿನ ಮೇಲೆ ಸುಮಾರು 5,000 ಎಕರೆಯಲ್ಲಿ ಹುಲ್ಲು ಹಾಕಿದರು. ಈ ಹುಲ್ಲು ಪೂರ್ಣ ಇಳುವರಿಗೆ ಬರುವುದು ಮೂರನೆಯ ವರ್ಷದಲ್ಲಿ. ಆದ್ದರಿಂದ ಎಕರೆಗೆ ಇಷ್ಟೆಂದು ಖಚಿತ ಹಣ ಕೊಡುವ ಏರ್ಪಾಡಾಯಿತು. 2010ರಲ್ಲಿ ವೊನೋರ್ ಎಂಬ ಊರಿನಲ್ಲಿ ಪ್ರಾಯೋಗಿಕ ಕಾರ್ಖಾನೆ ತೆರೆಯಿತು. ಆದರೆ ಅದರಲ್ಲಿ ಪಾಲುಗೊಂಡಿದ್ದ ಡುಪಾಂಟ್ ಕಂಪನಿ ತನ್ನ ದೊಡ್ಡ ಕಾರ್ಖಾನೆಯನ್ನು ಕಟ್ಟಿದ್ದು ಅಯೋವಾ ರಾಜ್ಯದಲ್ಲಿ, ಮುಸುಕಿನ ಜೋಳದ ದಂಟನ್ನು ನಂಬಿ. 2015ರಲ್ಲಿ ತೆರೆದ ಅದೂ 2017ರಲ್ಲಿ ನಿಂತಿತು. ಹುಲ್ಲು ಬೆಳೆಯುವುದನ್ನು ಕಲಿಸಿದ ವಿದ್ಯೆ ಸುಳ್ಳಾಗಿರಲಿಲ್ಲ. ಬೆಳೆದ ಹುಲ್ಲನ್ನು ಕೊಳ್ಳುವ ಕೈ ಸ್ಥಿರವಾಗಿರಲಿಲ್ಲ. ಕರಾರಿನ ಹಣ ಇದ್ದುದರಿಂದ ಆ ರೈತರಿಗೆ ಒಂದಿಷ್ಟು ಆಸರೆಯಿತ್ತು. ನಮ್ಮ ಎರಡೆಕರೆಯ ರೈತನಿಗೆ ಅಂಥ ಆಸರೆ ಎಲ್ಲಿ?

ಇಂದು ಈ ವಿಚಾರ ದೂರದ್ದೇನಲ್ಲ. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ನ್ನು ಮುಟ್ಟಿತು. ಕಬ್ಬು, ಮುಸುಕಿನ ಜೋಳ, ಅಕ್ಕಿಗಳು ಇಂಧನವಾಗುತ್ತಿವೆ. ನಿಮ್ಮ ಹೊಲದಲ್ಲಿ ಏನಿರಬೇಕು, ನಿಮ್ಮ ಕೊಳವೆ ಬಾವಿಯ ನೀರು ಯಾವುದಕ್ಕೆ ಹೋಗಬೇಕು ಎಂಬ ಪ್ರಶ್ನೆಗಳು ಇನ್ನು ಮೇಲೆ ನಿಮ್ಮ ಅಂಗಳಕ್ಕೇ ಬರುತ್ತವೆ.

ಆದುದರಿಂದ ಯಾರೇ ಆಗಲಿ, ಇಂಧನದ ಬೆಳೆಯ ಮಾತೆತ್ತಿ ನಿಮ್ಮೂರಿಗೆ ಬಂದಾಗ, ಮಣೆ ಹಾಕಿ ಕೂರಿಸಿ ಕೆಲವು ಪ್ರಶ್ನೆಗಳನ್ನು ಕೇಳಿ. ಎಷ್ಟು ವರ್ಷಕ್ಕೆ ಫಲ, ಅಲ್ಲಿಯವರೆಗೆ ನನ್ನ ಗತಿ ಏನು? ಮಳೆ ಕೈಕೊಟ್ಟ ವರ್ಷದ ಇಳುವರಿ ಎಷ್ಟು? ಕೊಳ್ಳುವವರು ಯಾರು, ಅವರು ಬಿಟ್ಟುಹೋದರೆ ಇನ್ನಾರು? ಈ ನೆಲವನ್ನು ಈಗ ಯಾರು ಯಾವುದಕ್ಕೆ ಬಳಸುತ್ತಿದ್ದಾರೆ? ಹಿಂಡಿ, ಬಗ್ಗಡ, ದಂಟು ನನ್ನ ಹೊಲಕ್ಕೆ ಹಿಂದಿರುಗುತ್ತವೆಯೇ? ಉತ್ತರ ತಿಳಿಯದಿದ್ದಲ್ಲಿ 'ತಿಳಿಯದು, ವಿಚಾರಿಸಿ ಬರುತ್ತೇನೆ' ಎಂದು ಹೇಳಿ, ನಿಜವಾಗಿಯೂ ವಿಚಾರಿಸಿ ಹಿಂದಿರುಗಿದರೆ, ಅವರನ್ನು ನಂಬಬಹುದು. ಹಾಗೆ ಹಿಂದಿರುಗುವುದಕ್ಕೆ ವಿಶ್ವವಿದ್ಯಾನಿಲಯದ ವಿಸ್ತರಣ ಶಿಕ್ಷಕರಿಗೆ ಇರುವಷ್ಟು ಅನುಕೂಲ ಬೇರೆಯವರಿಗಿಲ್ಲ. ಅವರ ಬೆನ್ನ ಹಿಂದೆ ಪ್ರಯೋಗದ ಹೊಲವಿದೆ. ಅವರು ಕೊಡಬೇಕಾದ ಲೆಕ್ಕ ಎಷ್ಟು ಸಸಿ ಖರ್ಚಾಯಿತೆಂಬುದಲ್ಲ. ಎಷ್ಟು ಸಂಸಾರಗಳಿಗೆ ಹಿತವಾಯಿತೆಂಬುದು.

ಅಷ್ಟಾಗಿಯೂ ನೀವು ಕೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಪುರದವರು ಬಾಯಿಬಿಟ್ಟು ನೀರು ಬೇಕೆಂದರು. ಅದಕ್ಕಾಗಿಯೇ ಸಗಣಿಯಿಂದ ನೀರು ಬಂತು.