ಗಣಕತಜ್ಞರು ಸರಕಾರಕ್ಕೆ ಬಂದರೆ ನಮ್ಮ ಮಕ್ಕಳ ಹೆಸರು ಸರಿಹೋದೀತೇ?

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುತ್ತಲೇ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳ ಪಾಲಕರು ದಾಖಲೆಗಳ ಚೀಲ ಹಿಡಿದು ಸೇತು ಕೇಂದ್ರಗಳ ಮುಂದೆ ನಿಲ್ಲುತ್ತಾರೆ. ಜಾತಿ ಪ್ರಮಾಣಪತ್ರ, ಆದಾಯದ ದಾಖಲೆ, ಆಧಾರ್ ತಿದ್ದುಪಡಿ ಎಂದು ಕೆಲಸ ಹಲವಾದರೂ ತೊಡಕು ಬಹುಪಾಲು ಒಂದೇ: ಮಗುವಿನ ಹೆಸರು ಎರಡು ಕಡೆ ಎರಡು ಬಗೆಯಾಗಿದೆ. ವಿದ್ಯಾರ್ಥಿಗೆ ಕೊಡುವ 'ಅಪಾರ್' ಸಂಖ್ಯೆ ದೊರೆಯಬೇಕಾದರೆ ಯು-ಡೈಸ್ ಪ್ಲಸ್‌ನಲ್ಲಿಯ ಹೆಸರು ಆಧಾರ್‌ನ ಹೆಸರಿಗೆ ಹೊಂದಬೇಕು.

ಹೊಂದದಿರುವುದಕ್ಕೆ ಕಾರಣ ಕೇವಲ ಅಜಾಗರೂಕತೆಯಲ್ಲ. ಮರಾಠಿಯ ಬರಹದಲ್ಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘ ಭೇದವಿಲ್ಲ. ನಮ್ಮ ಕೆಂಚಪ್ಪ ದೇವನಾಗರಿಗೆ ಹೋಗಿ ಯಂತ್ರದ ಮೂಲಕ ಕನ್ನಡಕ್ಕೆ ಮರಳಿದರೆ 'ಕೇಂಚಪ್ಪ'ನಾಗುತ್ತಾನೆ, ಹೊನ್ನವ್ವ 'ಹೋನ್ನವ್ವ'ಳಾಗುತ್ತಾಳೆ. ಇಂಗ್ಲಿಷಿನಲ್ಲಂತೂ ಬೆರಳಚ್ಚಿಸುವವರ ಕಿವಿಗೆ ಕೇಳಿದಂತೆ ಒಂದಕ್ಷರ ಹೆಚ್ಚು, ಒಂದಕ್ಷರ ಕಡಿಮೆ. ಈ ವ್ಯವಸ್ಥೆಯನ್ನು ರೂಪಿಸುವಾಗ ಕನ್ನಡ ಬಲ್ಲವರು ಜೊತೆಗಿದ್ದರೇ ಎಂಬುದೇ ನಮ್ಮ ಪ್ರಶ್ನೆ.

ಸರಕಾರದ ಗಣಕಸೇವೆಗಳನ್ನು ಸುಧಾರಿಸಲು ಹೊರಗಿನ ತಂತ್ರಜ್ಞರನ್ನು ಆಡಳಿತದೊಳಗೆ ಕರೆತರುವ ಪದ್ಧತಿ ಇಂದು ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ 2013ರ ಅಕ್ಟೋಬರ್ 1ರಂದು ತೆರೆದ ಆರೋಗ್ಯ ವಿಮೆಯ ಜಾಲತಾಣ ಮೊದಲ ದಿನವೇ ಕುಸಿಯಿತು. ಅದನ್ನು ಸರಿಪಡಿಸಲು ಖಾಸಗಿ ಸಂಸ್ಥೆಗಳ ಎಂಜಿನಿಯರರನ್ನು ಕರೆಸಲಾಯಿತು. ಆ ಅನುಭವದಿಂದ 2014ರಲ್ಲಿ ಸರಕಾರದೊಳಗೇ ಒಂದು ಗಣಕಸೇವಾ ತಂಡ ಹುಟ್ಟಿತು. ಬ್ರಿಟನ್ 2011ರಲ್ಲಿಯೇ ಇಂಥ ವಿಭಾಗವನ್ನು ಸ್ಥಾಪಿಸಿತ್ತು.

ನಮ್ಮ ದೇಶದ ದೊಡ್ಡ ಉದಾಹರಣೆ ಬೆಂಗಳೂರಿನದು. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ 2009ರಲ್ಲಿ ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದರು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ನಮ್ಮ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ಟೆಂಬ್ಲಿ ಗ್ರಾಮದಲ್ಲಿ ನೀಡಲಾಯಿತು. ಕೆಲವೇ ವರ್ಷಗಳಲ್ಲಿ ಕೋಟಿ ಕೋಟಿ ಜನರನ್ನು ನೋಂದಾಯಿಸಿದ್ದು ತಜ್ಞರ ಸಾಮರ್ಥ್ಯ. ಆದರೆ ಅದಕ್ಕೆ ಮಿತಿಯ ಗೆರೆ ಎಳೆಯುವಂತೆ ಕೇಳಿದವರೂ ಕನ್ನಡ ನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಪಾಯಿತು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದೂ, ಆಧಾರ್ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಯಾವ ಯೋಜನೆಯ ಲಾಭವನ್ನೂ ತಪ್ಪಿಸಬಾರದೆಂದೂ 2018ರ ಸೆಪ್ಟೆಂಬರ್ 26ರಂದು ನ್ಯಾಯಾಲಯ ಹೇಳಿತು. ಪಾಲಕರು ಇದನ್ನು ನೆನಪಿನಲ್ಲಿಡಬೇಕು.

ನಮಗೆ ಹೆಚ್ಚು ಹತ್ತಿರದ ಪಾಠ ಕರ್ನಾಟಕದ 'ಭೂಮಿ' ಯೋಜನೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಕ್ಕೆ ಬಂದವು. ಅಲ್ಲಿ ಕಂದಾಯ ಕಾನೂನು ಬಲ್ಲ ಅಧಿಕಾರಿಗಳೂ ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಜ್ಞರೂ ಕೂಡಿ ದುಡಿದರು. ದಾಖಲೆ ಮೊದಲಿನಿಂದಲೇ ಕನ್ನಡದಲ್ಲಿತ್ತು. ಕನ್ನಡವನ್ನು ಆಮೇಲೆ ಸೇರಿಸಿದ್ದಲ್ಲ, ಅಡಿಪಾಯದಲ್ಲಿಯೇ ಇಟ್ಟದ್ದು.

ಗಡಿಯ ಈಚೆ ನಮಗೆ ಆ ಅಡಿಪಾಯವಿಲ್ಲ. 'ಆಪಲೆ ಸರಕಾರ' ತಾಣ ಮರಾಠಿ ಹಾಗೂ ಇಂಗ್ಲಿಷಿನಲ್ಲಿದೆ. ಮರಾಠಿ ರಾಜ್ಯಭಾಷೆ, ಅದನ್ನು ನಮ್ಮ ಮಕ್ಕಳು ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಕನ್ನಡವೊಂದನ್ನೇ ಓದಬಲ್ಲ ತಾಯಿ ತಾನು ಸಹಿ ಮಾಡುವ ಅರ್ಜಿಯನ್ನು ತಾನೇ ಓದಲಾರಳೆಂದರೆ ಆಕೆಯ ಒಪ್ಪಿಗೆಗೆ ಅರ್ಥವೇನು? ಸಂವಿಧಾನದ 350ನೆಯ ವಿಧಿಯಂತೆ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗಿದೆ. ಜಿಲ್ಲೆ ಅಥವಾ ತಾಲೂಕಿನ ಜನಸಂಖ್ಯೆಯಲ್ಲಿ ಶೇ. 15ರಷ್ಟು ಅಥವಾ ಅದಕ್ಕೂ ಹೆಚ್ಚು ಜನ ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ನಿಯಮ, ಸೂಚನೆಗಳನ್ನು ಆ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬುದು ಒಪ್ಪಿತ ರಕ್ಷಣೆ. ಕಾಗದದ ಕಾಲದ ಈ ಹಕ್ಕು ಪರದೆಯ ಕಾಲದಲ್ಲಿ ಕರಗಿಹೋಗಬಾರದು.

ತಂತ್ರಜ್ಞಾನದ ಕೊರತೆಯ ನೆಪ ಈಗ ಉಳಿದಿಲ್ಲ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ 'ಭಾಷಿಣಿ'ಯಲ್ಲಿ ಕನ್ನಡ, ಮರಾಠಿಗಳೆರಡೂ ಇವೆ. ಇಂಥ ಸಾಧನವನ್ನು ಸೇತು ಕೇಂದ್ರದ ಅರ್ಜಿಗೆ ಜೋಡಿಸುವುದು ತಜ್ಞರಿಗೆ ಅಸಾಧ್ಯವಲ್ಲ. ಆದರೆ ಯಂತ್ರಾನುವಾದವನ್ನು, ವಿಶೇಷವಾಗಿ ಹೆಸರುಗಳನ್ನು, ಕನ್ನಡ ಬಲ್ಲ ಮನುಷ್ಯರು ತಿದ್ದಲೇಬೇಕು. ಆದ್ದರಿಂದ ನಮ್ಮ ಬೇಡಿಕೆ ಸರಳ: ತಜ್ಞರು ಬರಲಿ, ಅವರ ಮೇಜಿನ ಬಳಿ ಗಡಿನಾಡಿನ ಶಿಕ್ಷಕರಿಗೂ ಪಾಲಕರಿಗೂ ಒಂದು ಕುರ್ಚಿ ಇರಲಿ.

ಅಲ್ಲಿಯವರೆಗೆ ನಾವು ಮಾಡಬೇಕಾದುದೂ ಇದೆ. ಮಗು ಹತ್ತನೆಯ ತರಗತಿಗೆ ಬರುವ ಮುನ್ನವೇ ಜನನ ದಾಖಲೆ, ಶಾಲೆಯ ಜನರಲ್ ರಜಿಸ್ಟರ್, ಆಧಾರ್ ಈ ಮೂರರಲ್ಲಿಯ ಹೆಸರನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡೋಣ. ಅಪಾರ್ ಒಪ್ಪಿಗೆ ಪತ್ರ ಐಚ್ಛಿಕವಾದದ್ದು. ಓದಿಸಿ ತಿಳಿದುಕೊಂಡೇ ಸಹಿ ಮಾಡೋಣ. ತೊಂದರೆಯಾದಲ್ಲಿ ಅಹವಾಲನ್ನು ಕನ್ನಡದಲ್ಲಿಯೇ ಬರೆದು, ಜೊತೆಗೆ ಮರಾಠಿ ಪ್ರತಿಯನ್ನೂ ಇಟ್ಟು, ಸ್ವೀಕೃತಿ ಪಡೆಯೋಣ. ಅಂಥ ಅರ್ಜಿಗಳು ನೂರಾರು ಸೇರಿದಾಗಲೇ ಕನ್ನಡದ ಅಗತ್ಯ ಸರಕಾರದ ಕಡತಕ್ಕೆ ಏರುತ್ತದೆ. ಕಡತದಲ್ಲಿಲ್ಲದ್ದನ್ನು ಯಾವ ತಜ್ಞನೂ ಗಣಕಕ್ಕೆ ತುಂಬಲಾರ.